ಪಾಲಿನ ದುಡ್ಡು, ಭಾನುವಾರದ ಕಾರು

ಮೊನ್ನೆ ದೊಡ್ಡಮ್ಮನ ಮೊಮ್ಮಗಳ ಸೀಮಂತದಲ್ಲಿ ಊಟಕ್ಕೆ ಕೂತಿದ್ದಾಗ ಎದುರು ಸಾಲಿಂದ ಒಬ್ರು ಕೇಳಿದ್ರು, "ಅದೇನೋ ರೇಸ್ ಕಾರ್ ತಗೊಂಡಿದ್ದೀಯಂತಲ್ಲೇ, ನಿಜವೇನೆ?" ಅಂತ. ಬಾಯಲ್ಲಿ ಒಬ್ಬಟ್ಟಿತ್ತು, ತಲೆ ಆಡಿಸಿದೆ ಅಷ್ಟೆ. ಕೈ ತೊಳ್ಯೋ ಹೊತ್ತಿಗೆ ಅದು "ಐವತ್ತು ಲಕ್ಷದ ಕಾರಂತೆ" ಅಂತ ಆಗಿತ್ತು. ಮನೆಗೆ ಬರೋವಷ್ಟರಲ್ಲಿ ಅತ್ತೆ ಮಗಳು ಫೋನ್ ಮಾಡಿ "ಕೆಂಪು ಬಣ್ಣವಾ?" ಅಂದ್ಲು. ಅದಕ್ಕೇ ಒಂದ್ಸಲ ಎಲ್ಲಾ ಸರಿಯಾಗಿ ಬರೆದುಬಿಡ್ತೀನಿ. ರೇಸ್ ಕಾರೂ ಅಲ್ಲ, ಐವತ್ತು ಲಕ್ಷವೂ ಅಲ್ಲ, ಕೆಂಪೂ ಅಲ್ಲ. ಆದ್ರೆ ತಗೊಂಡಿದ್ದು ನಿಜ, ಮೋಜಿಗೇ ತಗೊಂಡಿದ್ದು ಅನ್ನೋದೂ ನಿಜ.

ಮೊದ್ಲು ದುಡ್ಡಿನ ವಿಷಯ. ದೇವನಹಳ್ಳಿ ಹತ್ರ ನಮ್ಮಪ್ಪನ ಜಮೀನು ಇತ್ತಲ್ಲ, ಬಾವಿ ಪಕ್ಕ ಎರಡು ಚಕ್ಕೋತ ಮರ ಇದ್ವಲ್ಲ, ಅದು ಮಾರಾಟ ಆಯ್ತು. 2008ರಲ್ಲಿ ಏರ್‌ಪೋರ್ಟ್ ಶುರುವಾದ್ಮೇಲೆ ಆ ಕಡೆ ರಾಗಿ ಬೆಳೀತಿದ್ದ ಹೊಲಕ್ಕೆ ಏನೇನು ರೇಟು ಬಂತು ಅನ್ನೋದು ನಿಮಗೇ ಗೊತ್ತು. ಮಾರಾಟಕ್ಕೆ ಮುಂಚೆ ನಮ್ಮಣ್ಣ ಒಂದು ಕಾಗದ ತಂದಿದ್ದ. ಹಕ್ಕು ಬಿಡುಗಡೆ ಪತ್ರ. ಜೊತೆಗೆ ಒಂದು ತಟ್ಟೇಲಿ ಅರಿಶಿನ ಕುಂಕುಮ, ಒಂದು ರೇಷ್ಮೆ ಸೀರೆ. ನಮ್ಮ ಕಡೆ ಹಾಗೇ ಅಲ್ವಾ, ಹೆಣ್ಣುಮಕ್ಕಳು ಸೀರೆ ಇಸ್ಕೊಂಡು ಸೈನು ಹಾಕಿ ಬರೋದು. ತವರಿನ ಬಾಗಿಲು ತೆರೆದಿರ್ಲಿ ಅಂತ.

ನಾನು ಸೈನು ಹಾಕ್ಲಿಲ್ಲ. ಜಗಳಾನೂ ಆಡ್ಲಿಲ್ಲ. "ಅಣ್ಣ, 2005ರ ಕಾನೂನು ಬಂದ್ಮೇಲೆ ಮಗಳಿಗೂ ಮಗನಷ್ಟೇ ಪಾಲು, 2020ರಲ್ಲಿ ಸುಪ್ರೀಂ ಕೋರ್ಟೂ ಅದನ್ನ ಗಟ್ಟಿ ಮಾಡಿ ಹೇಳಿದೆ, ನಂಗೂ ಬೇಕು" ಅಂದೆ. ಅಣ್ಣ ತಟ್ಟೆ ಎತ್ಕೊಂಡು ಹೋದ. ಪಾಲು ಕೊಟ್ಟ, ಒಂದು ರೂಪಾಯಿ ಕಮ್ಮಿ ಮಾಡ್ಲಿಲ್ಲ. ಆದ್ರೆ ಮಾತು ನಿಲ್ಸಿದ. ಎಂಟು ತಿಂಗಳು. ಗೌರಿ ಹಬ್ಬಕ್ಕೆ ಬಾಗಿನ ಬಂತು, ಅಣ್ಣ ಬರ್ಲಿಲ್ಲ. ಅತ್ತಿಗೆ ಆಳಿನ ಕೈಲಿ ಕಳಿಸಿದ್ರು.

ನಮ್ಮಮ್ಮ ಅಣ್ಣನ ಮನೇಲೇ ಇರೋದು. ಯಾರ ಕಡೆಗೂ ಮಾತಾಡ್ಲಿಲ್ಲ. ಒಂದಿನ ಫೋನಲ್ಲಿ ಮಾತ್ರ ಅಂದ್ರು: "ನಾನೂ ನಮ್ಮಣ್ಣಂಗೆ ಬರ್ಕೊಟ್ಟು ಒಂದು ಸೀರೆ ಇಸ್ಕೊಂಡಿದ್ದೆ ಕಣವ್ವ. ಎರಡು ವರ್ಷಕ್ಕೆ ಹರಿದೋಯ್ತು." ಅಷ್ಟೇ ಹೇಳಿ, ಹಸು ಕೂಗ್ತೈತೆ ಅಂತ ಫೋನ್ ಇಟ್ಟುಬಿಟ್ರು.

ಪಾಲಿನ ದುಡ್ಡು ಬ್ಯಾಂಕಿಗೆ ಬಂದ್ಮೇಲೆ ಶುರುವಾಯ್ತು ನೋಡಿ ನನ್ನ ಕಷ್ಟ. ಬೇಕು ಅಂತ ಹಟ ಹಿಡಿದು ಇಸ್ಕೊಂಡ ದುಡ್ಡು. ಅದನ್ನ ಏನಾದ್ರೂ "ಒಳ್ಳೇದಕ್ಕೆ" ಖರ್ಚು ಮಾಡ್ಲೇಬೇಕು ಅಂತ ಎಲ್ಲರ ಕಣ್ಣೂ ನನ್ನ ಮೇಲೆ. ಮಗಳ ಮದುವೆಗೆ ಇಡು, ಚಿನ್ನ ತಗೋ, ಆವಲಹಳ್ಳಿ ಕಡೆ ಸೈಟು ತಗೋ. ನನಗೂ ಹಾಗೇ ಅನ್ನಿಸ್ತಿತ್ತು. ಮಗಳ ಓದಿಗೆ, ಯಾರದೋ ಆಸ್ಪತ್ರೆಗೆ ಅಂತ ಇಸ್ಕೊಂಡಿದ್ರೆ ಯಾರೂ ಏನೂ ಅಂತಿರ್ಲಿಲ್ಲ. ಸುಮ್ನೆ ನನಗೆ ಅಂತ ಇಸ್ಕೊಂಡೆ ಅನ್ನೋದೇ ತಪ್ಪು ಮಾಡಿದ ಹಾಗೆ.

ಆದ್ರೆ ನನಗೆ ಬೇಕಾಗಿದ್ದು ಒಂದೇ. ಕಾರು. ಜೋರಾಗಿ ಹೋಗೋ ಕಾರು.

ನಗಬೇಡಿ. ನಾನು ಡ್ರೈವಿಂಗ್ ಕಲಿತಿದ್ದು ಮೂವತ್ತೆಂಟಕ್ಕೆ, ಮಗಳನ್ನ ಟ್ಯೂಷನ್‌ಗೆ ಬಿಡೋಕೆ. ಹದಿನಾರು ವರ್ಷದಿಂದ ವ್ಯಾಗನಾರ್ ಓಡಿಸ್ತಿದ್ದೀನಿ. ಯಲಹಂಕ ನ್ಯೂಟೌನಿಂದ ಮದರ್ ಡೈರಿ, ಅಲ್ಲಿಂದ ಹೆಬ್ಬಾಳ, ಆರ್.ಟಿ. ನಗರದಲ್ಲಿ ನಾದಿನಿ ಮನೆ, ಯಶವಂತಪುರದಲ್ಲಿ ಈರುಳ್ಳಿ ಮೂಟೆ. ಎಲ್ಲಾ ಬೇರೆಯವರ ಕೆಲಸಕ್ಕೇ ಓಡಿದ ಕಿಲೋಮೀಟರು. ಭಾನುವಾರ ಬೆಳಿಗ್ಗೆ ಹಾಲು ತರೋಕೆ ಹೋದಾಗ ಬಳ್ಳಾರಿ ರೋಡಲ್ಲಿ ಕೆಳಮಟ್ಟದ ಕಾರುಗಳು ಸಾಲಾಗಿ ನಂದಿ ಬೆಟ್ಟದ ಕಡೆ ಹೋಗ್ತಿರ್ತಾವೆ, ನೀವೂ ನೋಡಿರ್ತೀರ. ಹಳದಿ, ಕಿತ್ತಳೆ, ನೆಲಕ್ಕೇ ಅಂಟಿಕೊಂಡ ಹಾಗೆ. ಶಬ್ದಕ್ಕೆ ಎದೆ ನಡುಗತ್ತೆ. ಎಲ್ಲರೂ ಬೈಕೋತಾರೆ, ನಾನೂ ಬಾಯಲ್ಲಿ ಬೈದಿದ್ದೀನಿ. ಆದ್ರೆ ಹಾಲಿನ ಪ್ಯಾಕೆಟ್ ಹಿಡ್ಕೊಂಡು ಅವು ಮರೆಯಾಗೋವರೆಗೂ ನಿಂತಿದ್ದೀನಿ.

ಇವ್ರಿಗೆ ಹೇಳಿದೆ. ಇವ್ರು ಯಲಹಂಕದ ರೈಲು ಗಾಲಿ ಕಾರ್ಖಾನೇಲಿ ಜೀವನ ಸವೆಸಿ ರಿಟೈರ್ ಆದವ್ರು. ಪೇಪರ್ ಮಡಚಿ ಇಟ್ಟು, "ನಾನು ಇಷ್ಟು ವರ್ಷ ಗಾಲಿ ಮಾಡ್ದೆ, ಒಂದು ಗಾಲಿ ಮೇಲೂ ಕೂತು ಮಜಾ ಮಾಡ್ಲಿಲ್ಲ. ನೀನಾದ್ರೂ ಮಾಡು" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಲೆಕ್ಕ ಹಾಕು" ಅಂದ್ರು.

ಲೆಕ್ಕ ಹಾಕಿದೆ. ಬಂದ ದುಡ್ಡನ್ನ ಐದು ಭಾಗ ಮಾಡ್ದೆ. ಮೂರು ಭಾಗ ಎಫ್.ಡಿ., ನಮ್ಮ ಮುಪ್ಪಿಗೆ. ಒಂದು ಭಾಗ ಮಗಳ ಹೆಸರಿಗೆ, ಮದುವೆಗೆ ಅಂತ ಅಲ್ಲ, ಅವಳಿಗೆ. ಉಳಿದ ಒಂದು ಭಾಗ ನಂದು. ಕಾರು ಅದರೊಳಗೇ ಬರಬೇಕು, ಸಾಲ ಇಲ್ದೆ. ಈ ಗೆರೆ ಮೊದ್ಲು ಎಳೆದಿದ್ದೇ ಒಳ್ಳೇದಾಯ್ತು, ಇಲ್ದಿದ್ರೆ ಮುಂದೆ ಸಿಕ್ಕಿಹಾಕ್ಕೊಳ್ತಿದ್ದೆ.

ನನ್ನ ಗುರು ತಂಗಿ ಮಗ. ಅವನಿಗೆ ಕಾರಿನ ಹುಚ್ಚು. "ದೊಡ್ಡಮ್ಮ, ತಗೊಂಡ್ರೆ ಆಕ್ಟೇವಿಯಾ ಆರ್‌ಎಸ್" ಅಂತ ಶುರು ಮಾಡ್ದ. 2025ರ ಅಕ್ಟೋಬರಿನಲ್ಲಿ ಸ್ಕೋಡಾದವ್ರು ಇಂಡಿಯಾಕ್ಕೆ ಬರೀ ನೂರು ಕಾರು ತರಿಸಿದ್ರಂತೆ, 265 ಪಿಎಸ್ ಶಕ್ತಿ, ಬೆಲೆ 50 ಲಕ್ಷ. ಅದೇ ವರ್ಷ ಬಂದ ಗಾಲ್ಫ್ ಜಿಟಿಐ 53 ಲಕ್ಷ. (ಸೀಮಂತದ ಐವತ್ತು ಲಕ್ಷ ಎಲ್ಲಿಂದ ಹುಟ್ತು ಅಂತ ಈಗ ಗೊತ್ತಾಯ್ತಲ್ಲ!) ನಮ್ಮ ವ್ಯಾಗನಾರಿಗೆ 68 ಪಿಎಸ್. ಅಂದ್ರೆ ನಾಲ್ಕು ವ್ಯಾಗನಾರ್ ಒಟ್ಟಿಗೆ ಕಟ್ಟಿದ ಹಾಗೆ.

ಆದ್ರೆ ಶೋರೂಂ ಬೆಲೆ ಬೇರೆ, ಮನೆ ಮುಂದೆ ತಂದು ನಿಲ್ಲಿಸೋ ಬೆಲೆ ಬೇರೆ. ನಾನು ಲೆಕ್ಕ ಹಾಕಿದಾಗ ನಮ್ಮ ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ ಹೀಗಿತ್ತು: ಐದರಿಂದ ಹತ್ತು ಲಕ್ಷದ ಕಾರಿಗೆ ನೂರಕ್ಕೆ 14, ಹತ್ತರಿಂದ ಇಪ್ಪತ್ತು ಲಕ್ಷಕ್ಕೆ 17, ಅದರ ಮೇಲೆ 18. ಆ ತೆರಿಗೆ ಮೇಲೆ ಮತ್ತೆ ನೂರಕ್ಕೆ 11 ಸೆಸ್. ಐವತ್ತು ಲಕ್ಷದ ಕಾರಿಗೆ ತೆರಿಗೆಯೇ ಹತ್ತು ಲಕ್ಷ! ಆ ದುಡ್ಡಲ್ಲಿ ಇನ್ನೊಂದು ಕಾರೇ ಬರತ್ತೆ. ಅದನ್ನ ಅಲ್ಲಿಗೇ ಬಿಟ್ಟೆ.

ಆಮೇಲೆ ಇನ್ನೊಂದು ಪ್ರಶ್ನೆ ಕೇಳ್ಕೊಂಡೆ, ಅಷ್ಟು ಶಕ್ತಿ ಇಟ್ಕೊಂಡು ಎಲ್ಲಿ ಓಡಿಸ್ಲಿ? ಬಳ್ಳಾರಿ ರೋಡಲ್ಲಿ ಕ್ಯಾಮೆರಾ. 2024ರ ಆಗಸ್ಟಿಂದ ರಾಜ್ಯದಲ್ಲಿ 130 ದಾಟಿದ್ರೆ ಬರೀ ದಂಡ ಅಲ್ಲ, ಎಫ್‌ಐಆರ್. ಮೈಸೂರು ಎಕ್ಸ್‌ಪ್ರೆಸ್‌ವೇಲಿ ನೂರಕ್ಕೆ ಮಿತಿ. ಈ ವಯಸ್ಸಲ್ಲಿ ಸ್ಟೇಷನ್ನಿಗೆ ಹೋಗಿ ಕೂರೋದು ಬೇಡ. ಕಾನೂನು ಇರ್ಲಿ, ಆ ರೋಡಲ್ಲಿ ಹೂ ಮಾರೋರು, ಹಾಲಿನವ್ರು, ನಾಯಿ, ಎಲ್ಲಾ ದಾಟ್ತಿರ್ತಾರೆ. ನಮ್ಮೂರವರೇ ಅವ್ರೆಲ್ಲ.

ಹಾಗಾದ್ರೆ ಮೋಜು ಎಲ್ಲಿ? ತಂಗಿ ಮಗ ಚೆನ್ನಾಗಿ ಅರ್ಥ ಮಾಡಿಸ್ದ. "ದೊಡ್ಡಮ್ಮ, 200ರಲ್ಲಿ ಹೋಗೋದು ಮಜಾ ಅಲ್ಲ. 40ರಿಂದ 80ಕ್ಕೆ ಹೆಂಗೆ ಹೋಗತ್ತೆ ಅನ್ನೋದು ಮಜಾ. ತಿರುವಲ್ಲಿ ಗಾಡಿ ನೀವು ಹೇಳಿದ ಮಾತು ಕೇಳತ್ತಾ ಅನ್ನೋದು ಮಜಾ." ಅದಕ್ಕೆ ಬೇಕಾಗಿರೋದು ಟಾರ್ಕ್ ಅಂತೆ. ನಾವು ಒರಳಲ್ಲಿ ಹಿಟ್ಟು ತಿರುವುವಾಗ ಗುಂಡು ತಿರುಗಿಸೋ ಬಲ ಇರತ್ತಲ್ಲ, ಅದು. ವ್ಯಾಗನಾರಿನದು 90, ಅದೂ ಇಂಜಿನ್ ಕಿರುಚಿಕೊಂಡ ಮೇಲೆ ಸಿಗೋದು. ಟರ್ಬೊ ಇರೋ ಕಾರಲ್ಲಿ ಹೊಗೆ ಹೋಗೋ ರಭಸದಿಂದಲೇ ಒಂದು ಪುಟ್ಟ ಫ್ಯಾನು ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬತ್ತೆ, ಅದಕ್ಕೇ ಮೊದ್ಲಿಂದ್ಲೇ ಬಲ ಬರತ್ತೆ.

ಕೊನೆಗೆ ಉಳಿದಿದ್ದು ಎರಡು. ಹ್ಯುಂಡೈ ಐ20 ಎನ್ ಲೈನ್, ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ. ಐ20ಗೆ 120 ಪಿಎಸ್, 172 ಟಾರ್ಕ್. ವರ್ಟಸ್‌ಗೆ 150 ಪಿಎಸ್, 250 ಟಾರ್ಕ್.

ದುಡ್ಡಿನಲ್ಲಿ ಐ20ದೇ ಮೇಲುಗೈ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯ್ತಲ್ಲ, ನಾಲ್ಕು ಮೀಟರಿಗಿಂತ ಉದ್ದ ಇರದ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ನೂರಕ್ಕೆ 18. ಅದು ದಾಟಿದ್ರೆ 40. ಐ20 ಆ ಗೆರೆ ಒಳಗೆ, ವರ್ಟಸ್ ಹೊರಗೆ. ರಾಜ್ಯದ ತೆರಿಗೆಯೂ ಹಾಗೇ. ಹದಿನೇಳು ಲಕ್ಷದ ಕಾರು ಅಂತ ಇಟ್ಕೊಳ್ಳಿ, ರೋಡ್ ಟ್ಯಾಕ್ಸೇ ಮೂರು ಲಕ್ಷ ಇಪ್ಪತ್ತು ಸಾವಿರ ಆಗತ್ತೆ. ಇನ್ಶೂರೆನ್ಸ್ ಬೇರೆ. ಹೊಸ ವರ್ಟಸ್ ನನ್ನ ಐದನೇ ಭಾಗದೊಳಗೆ ಬರೋ ಹಾಗಿರ್ಲಿಲ್ಲ.

ಎರಡನ್ನೂ ಓಡಿಸಿ ನೋಡ್ದೆ. ಶೋರೂಮಿನ ಹುಡುಗ ಎರಡು ಕಡೇನೂ ಕೀಲಿ ಮೊದ್ಲು ಇವ್ರ ಕೈಗೇ ಕೊಡೋಕೆ ಬಂದ. ಇವ್ರು ಕೈ ಹಿಂದೆ ಕಟ್ಕೊಂಡು "ನಂಗೆ ಸೈಕಲ್ಲೇ ಬರೋದು" ಅಂದ್ರು, ಸುಳ್ಳು! ಐ20 ಚುರುಕು, ಗಲ್ಲೀಲಿ ತಿರುಗಿಸೋಕೆ ಸಲೀಸು. ಇಷ್ಟ ಆಯ್ತು. ವರ್ಟಸ್ ಕೂತಾಗ ಸುಮ್ನೆ ದೊಡ್ಡ ಕಾರು ಅನ್ನಿಸ್ತು. ಸರ್ವಿಸ್ ರೋಡಿಂದ ಮೇಲೇರೋ ಕಡೆ ಎರಡನೇ ಗೇರಲ್ಲಿ ಒತ್ತಿದೆ ನೋಡಿ, ಯಾರೋ ಬೆನ್ನಿಗೆ ಕೈ ಇಟ್ಟು ತಳ್ಳಿದ ಹಾಗಾಯ್ತು. ನಂಗೆ ಗೊತ್ತಿಲ್ದೆ ನಕ್ಕುಬಿಟ್ಟೆ. ಹಿಂದೆ ಕೂತ ಇವ್ರು "ಏನಾಯ್ತು?" ಅಂದ್ರು. ಸ್ಪೀಡು ನೋಡಿದ್ರೆ ಬರೀ 70.

ಇನ್ನೊಂದು ವಿಷಯ ಸುರಕ್ಷತೆ. ಗ್ಲೋಬಲ್ ಎನ್‌ಕ್ಯಾಪ್ ಅಂತ ಕಾರುಗಳನ್ನ ಗುದ್ದಿಸಿ ಪರೀಕ್ಷೆ ಮಾಡ್ತಾರೆ. 2023ರಲ್ಲಿ ವರ್ಟಸ್‌ಗೆ ಐದಕ್ಕೆ ಐದು ಸ್ಟಾರು ಬಂತು, ದೊಡ್ಡವರಿಗೂ ಮಕ್ಕಳಿಗೂ. 2022ರಲ್ಲಿ ಎರಡು ಏರ್‌ಬ್ಯಾಗಿನ ಐ20ಗೆ ಮೂರು ಬಂದಿತ್ತು. ಆಮೇಲೆ ಐ20ಗೂ ಆರು ಏರ್‌ಬ್ಯಾಗ್ ಹಾಕಿದ್ದಾರೆ, ನಿಜ. ಆದ್ರೂ ಜೋರಾಗಿ ಹೋಗೋಕೆ ಅಂತಲೇ ತಗೊಳ್ಳೋ ಕಾರಲ್ಲಿ, ಅಮ್ಮನ್ನೂ ಮಗಳನ್ನೂ ಕೂರಿಸಿಕೊಳ್ಳೋ ಕಾರಲ್ಲಿ, ಅದು ಮುಖ್ಯ ಅನ್ನಿಸ್ತು.

ಮನಸ್ಸು ವರ್ಟಸ್ ಮೇಲೆ, ದುಡ್ಡು ಐ20ಗೆ. ಒಂದು ವಾರ ನಿದ್ದೆ ಇಲ್ಲ. ಎಫ್.ಡಿ. ಭಾಗದಿಂದ ಸ್ವಲ್ಪ ತೆಗೀಲಾ ಅಂತ ಎರಡು ಸಲ ಯೋಚಿಸ್ದೆ. ಇವ್ರೇ ದಾರಿ ತೋರಿಸಿದ್ದು: "ಹಳೇದು ನೋಡು. ಕಬ್ಬಿಣ ಚೆನ್ನಾಗಿದ್ರೆ ಹಳೇದಾದ್ರೇನು?"

ಇದು ನಿಮಗೂ ಉಪಯೋಗಕ್ಕೆ ಬರತ್ತೆ, ಅದಕ್ಕೇ ಬಿಡಿಸಿ ಬರೀತೀನಿ. ಕರ್ನಾಟಕದ ನಂಬರಿನ ಕಾರಾದ್ರೆ ಜೀವಿತಾವಧಿ ತೆರಿಗೆ ಮೊದಲನೆಯವರೇ ಕಟ್ಟಿರ್ತಾರೆ, ನಾವು ಮತ್ತೆ ಕಟ್ಟಬೇಕಾಗಿಲ್ಲ. ಹೊರ ರಾಜ್ಯದ ನಂಬರು ಅಗ್ಗಕ್ಕೆ ಸಿಗತ್ತೆ ಅಂತ ಆಸೆಪಟ್ರೆ ಆಮೇಲೆ ಇಲ್ಲಿ ತೆರಿಗೆ ಕಟ್ಟಬೇಕು. ಸರ್ವಿಸ್ ದಾಖಲೆ ಪೂರ್ತಿ ಕೇಳಿ. ಆರ್.ಸಿ.ಲಿ ಬ್ಯಾಂಕ್ ಸಾಲ ಇದೆಯಾ ನೋಡಿ, ಇದ್ರೆ ಫಾರಂ 35 ಹಾಕಿ ತೆಗೆಸಿದ ಮೇಲೇ ದುಡ್ಡು ಕೊಡಿ. ಟ್ರಾಫಿಕ್ ದಂಡ ಬಾಕಿ ಇದೆಯಾ ನೋಡಿ. ಟೈರಿನ ಪಕ್ಕ ನಾಲ್ಕು ಅಂಕಿ ಇರತ್ತೆ, 1223 ಅಂತ ಇದ್ರೆ 2023ನೇ ಇಸವಿ ಹನ್ನೆರಡನೇ ವಾರ ಮಾಡಿದ ಟೈರು. ನಾಲ್ಕೂ ಟೈರಿಗೆ ಒಂದೇ ಥರ ಇಲ್ದಿದ್ರೆ ಯಾಕೆ ಅಂತ ಕೇಳಿ. ಹೆಸರು ಬದಲಾಯಿಸೋಕೆ ಫಾರಂ 29, 30. ಬದಲಾದ 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಗೂ ಅರ್ಜಿ ಹಾಕ್ಲೇಬೇಕು, ಇಲ್ದಿದ್ರೆ ಗಾಡಿಗೆ ಏನಾದ್ರೂ ಆದ್ರೆ ಹಳೇ ಓನರ್ ಹೆಸರಲ್ಲಿ ಪಾಲಿಸಿ, ನಮ್ಮ ಹೆಸರಲ್ಲಿ ಗಾಡಿ ಅಂತ ಕ್ಲೇಮಿಗೆ ತೊಂದರೆ.

ಇನ್ಶೂರೆನ್ಸ್ ಪೂರ್ತಿದೇ ಮಾಡಿಸಿ. 2019ರ ಫೆಬ್ರವರಿ 23 ನೆನಪಿದೆಯಾ? ಏರ್ ಶೋ ನಡೀತಿದ್ದಾಗ ವಾಯುನೆಲೆ ಹತ್ರದ ಪಾರ್ಕಿಂಗಲ್ಲಿ ಒಣ ಹುಲ್ಲಿಗೆ ಬೆಂಕಿ ಹತ್ತಿ ಮುನ್ನೂರರ ಹತ್ರ ಕಾರು ಸುಟ್ಟೋದ್ವಲ್ಲ. ನಮ್ಮ ತಾರಸಿ ಮೇಲಿಂದ ಹೊಗೆ ಕಾಣ್ತಿತ್ತು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ರೆ ಅಂಥ ಬೆಂಕಿಗೆ ಒಂದು ಪೈಸೆ ಬರಲ್ಲ. ಅವತ್ತಿಂದ ನಮ್ಮ ಬೀದೀಲಿ ಯಾರೂ ಅದನ್ನ ಮರೆತಿಲ್ಲ.

ಸಿಕ್ತು ಒಂದು. 2023ರ ವರ್ಟಸ್ ಜಿಟಿ, ಬೂದು ಬಣ್ಣ, ಕೆಎ-50, ನಮ್ಮ ಯಲಹಂಕದ್ದೇ ನಂಬರು. ಕೈ ಗೇರು. ಒಬ್ಬರೇ ಓನರು, ವಿದೇಶಕ್ಕೆ ಹೊರಟಿದ್ರು. ಹೊಸದರ ಬೆಲೆಗಿಂತ ಎಂಟು ಲಕ್ಷ ಕಮ್ಮಿ. ನನ್ನ ಐದನೇ ಭಾಗದೊಳಗೆ ಬಂತು, ಸ್ವಲ್ಪ ಪೆಟ್ರೋಲಿಗೂ ಉಳೀತು. ಆಟೋಮ್ಯಾಟಿಕ್ ತಗೋ, ಕಾಲು ನೋವು ಬರಲ್ಲ ಅಂತ ತಂಗಿ ಹೇಳಿದ್ಲು. ಆದ್ರೆ ಭಾನುವಾರ ಒಂದಿನ ಓಡಿಸೋ ಕಾರಿಗೆ ಗೇರು ನಾನೇ ಹಾಕ್ಬೇಕು. ಅದೇ ಅಲ್ವಾ ಮೋಜು. ವಾರದ ದಿನಕ್ಕೆ ವ್ಯಾಗನಾರ್ ಇದ್ದೇ ಇದೆ.

ಮೊದಲನೇ ಭಾನುವಾರ ನಂದಿ ಬೆಟ್ಟಕ್ಕೆ ಹೋಗಿಲ್ಲ. ಭಾನುವಾರ ಬೆಳಿಗ್ಗೆ ಅಲ್ಲಿ ಗೇಟಿನ ಮುಂದೆ ಕ್ಯೂ ನಿಲ್ಲಬೇಕು, ಚಿಕ್ಕಬಳ್ಳಾಪುರದಲ್ಲಿ ಆದಿಯೋಗಿ ಬಂದ್ಮೇಲಂತೂ ಆ ಕಡೆ ಜಾತ್ರೆ. ಘಾಟಿ ಸುಬ್ರಹ್ಮಣ್ಯದ ದಾರಿ ಹಿಡಿದ್ವಿ. ಆರು ಗಂಟೆ, ಮಂಜು, ಮಾಕಳಿ ದುರ್ಗದ ಬೆಟ್ಟ ಅರ್ಧ ಕಾಣ್ತಿತ್ತು. 80 ದಾಟ್ಲಿಲ್ಲ. ಒಂದೊಂದು ತಿರುವಿಗೂ ಗೇರು ಇಳಿಸಿ, ತಿರುವು ಮುಗೀತಿದ್ದ ಹಾಗೆ ಒತ್ತಿದ್ರೆ ಕಾರು ಗಂಟಲು ಸರಿಮಾಡ್ಕೊಂಡು ಮುಂದೆ ಹೋಗ್ತಿತ್ತು. ಐವತ್ತನಾಲ್ಕು ವರ್ಷಕ್ಕೆ ಯಾರ ಕೆಲಸಕ್ಕೂ ಅಲ್ದೆ ಕಾರು ಓಡಿಸಿದ್ದು ಅದೇ ಮೊದಲು. ಸ್ವಾಮಿಗೆ ಕೈ ಮುಗಿದು, ಇಡ್ಲಿ ತಿಂದು, ವಾಪಸ್ ಬರ್ತಾ ಇವ್ರು ಸುಮ್ನಿದ್ರು. ದೊಡ್ಡಬಳ್ಳಾಪುರದ ಹತ್ರ ಬಂದಾಗ "ಊರಿಗೆ ಹೋಗಿ ಬರೋಣ, ಅತ್ತೆನ ನೋಡಿ" ಅಂದ್ರು.

ನಂಗೆ ಕೈ ತಣ್ಣಗಾಯ್ತು. ಬೇರೆ ದಿನ ಆದ್ರೆ ವ್ಯಾಗನಾರಲ್ಲಿ ಹೋಗ್ತಿದ್ದೆ. ಪಾಲಿನ ದುಡ್ಡಲ್ಲಿ ತಗೊಂಡ ಮೋಜಿನ ಕಾರು ಅಣ್ಣನ ಬಾಗಿಲಿಗೆ ಹೆಂಗೆ ತಗೊಂಡು ಹೋಗೋದು? ಆದ್ರೆ ಮುಚ್ಚಿಡೋಕೆ ಅದೇನು ಕದ್ದ ದುಡ್ಡಾ? ದೇವನಹಳ್ಳಿ ಕಡೆ ತಿರುಗಿಸ್ದೆ.

ಶಬ್ದಕ್ಕೆ ಅಮ್ಮ ಜಗಲಿಗೆ ಬಂದ್ರು. ಅತ್ತಿಗೆ ಬಾಗಿಲಲ್ಲೇ ನಿಂತ್ರು. ಅಣ್ಣನ ಮಗಳು ಓಡಿ ಬಂದು ಮುಂದಿನ ಸೀಟಲ್ಲಿ ಕೂತೇಬಿಟ್ಲು. ಅಣ್ಣ ಕೊಟ್ಟಿಗೆ ಕಡೆಯಿಂದ ಟವಲಲ್ಲಿ ಕೈ ಒರೆಸ್ಕೊಂಡು ಬಂದ. ನನ್ನ ನೋಡ್ಲಿಲ್ಲ. ಕಾರನ್ನ ಒಂದು ಸುತ್ತು ಹಾಕ್ದ. ಟೈರಿಗೆ ಕಾಲಲ್ಲಿ ತಟ್ಟಿದ. ಎಂಟು ತಿಂಗಳ ಮೇಲೆ ಬಾಯಿ ಬಿಟ್ಟು ಕೇಳಿದ ಮೊದಲನೇ ಮಾತು:

"ಎಷ್ಟು ಕೊಡ್ತೈತೆ?"

ಮೈಲೇಜು! ಇಷ್ಟು ದಿನ ಏನೇನೋ ಉತ್ತರ ಮನಸ್ಸಲ್ಲೇ ಕಟ್ಕೊಂಡಿದ್ದೆ. ಈ ಪ್ರಶ್ನೆಗೆ ಒಂದೂ ಹೊಂದಲಿಲ್ಲ.

"ನಾನು ಓಡಿಸೋ ಥರಕ್ಕೆ ಹನ್ನೊಂದು" ಅಂದೆ.

"ಥೂ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ನಿಧಾನಕ್ಕೆ ಹೋದ್ರೆ ಹೆಚ್ಚು ಬತ್ತದೆ" ಅಂದ. ನಿಜ, ಆ ಇಂಜಿನ್ ನಿಧಾನವಾಗಿ ಹೋಗುವಾಗ ನಾಲ್ಕರಲ್ಲಿ ಎರಡು ಸಿಲಿಂಡರ್ ತಾನಾಗೇ ಮಲಗಿಸಿಬಿಡತ್ತೆ. ಅದನ್ನ ಹೇಳ್ದೆ. ಅಣ್ಣ ಬಾನೆಟ್ ತೆಗಿ ಅಂದ. ಅವನೂ ಇವ್ರೂ ತಲೆ ಬಗ್ಗಿಸ್ಕೊಂಡು ಅರ್ಧ ಗಂಟೆ ಒಳಗೇ ನೋಡ್ತಾ ನಿಂತ್ರು.

ಎಲ್ಲಾ ಸರಿಹೋಯ್ತು ಅಂತ ಹೇಳಲ್ಲ. ಅಣ್ಣ ಕಾರು ಹತ್ತಲಿಲ್ಲ. ಊಟಕ್ಕೆ ಇರು ಅಂತಲೂ ಅನ್ಲಿಲ್ಲ, ಅತ್ತಿಗೆ ಅಂದ್ರು. ಅಮ್ಮ ಮಾತ್ರ ಸೊಂಟ ಹಿಡ್ಕೊಂಡು ಹತ್ತಿ ಮುಂದೆ ಕೂತ್ರು, ಕೆರೆ ಏರಿವರೆಗೆ ಒಂದು ಸುತ್ತು ಹಾಕಿಸ್ದೆ. ಎರಡನೇ ಗೇರಲ್ಲಿ ಒತ್ತಿದಾಗ ಸೀಟು ಗಟ್ಟಿ ಹಿಡ್ಕೊಂಡ್ರು, ಆಮೇಲೆ "ಇನ್ನೊಂದಪ ಮಾಡು" ಅಂದ್ರು.

ಹೊರಡುವಾಗ ಡಿಕ್ಕೀಲಿ ಎರಡು ಚಕ್ಕೋತ ಇದ್ವು. ಯಾರು ಇಟ್ಟಿದ್ದು ಅಂತ ನಾನು ಕೇಳ್ಲಿಲ್ಲ, ಯಾರೂ ಹೇಳ್ಲೂ ಇಲ್ಲ.

ಸೀಮಂತದಲ್ಲಿ ಕೇಳಿದವರಿಗೆ ಇದೇ ಉತ್ತರ. ಇನ್ನೊಂದು ಮಾತು. ಯಾರಾದ್ರೂ ಸೀರೆ ಜೊತೆ ಕಾಗದ ತಂದ್ರೆ ಸೈನು ಹಾಕೋ ಮುಂಚೆ ಪೂರ್ತಿ ಓದಿ. ಹಾಕೋದು ಬಿಡೋದು ನಿಮ್ಮಿಷ್ಟ, ಆದ್ರೆ ಓದಿ. ಭಾನುವಾರ ಬೆಳಿಗ್ಗೆ ಆರಕ್ಕೆ ಯಲಹಂಕದಲ್ಲಿ ಎದ್ದಿರೋರು ಯಾರಾದ್ರೂ ಇದ್ರೆ ಫೋನ್ ಮಾಡಿ. ಮೂರು ಸೀಟು ಖಾಲಿ ಇದೆ. ಇಡ್ಲಿ ಖರ್ಚು ನಂದು.